ಯೆಜ್ಡಿ ಚಾಸಿಗೆ ಗ್ರೈಂಡರ್ ಹಚ್ಚಬೇಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಹಳೆಯ ಯೆಜ್ಡಿಯನ್ನು ಕಾಡುದಾರಿಯ ಬೈಕ್ ಮಾಡಿದ ಹುಡುಗರ ಫೋಟೋ ಬಂದಿತ್ತು. ಅಗಲ ಹ್ಯಾಂಡಲ್, ಬಟನ್ ಟೈರ್, ಸೀಟಿನ ಪಕ್ಕಕ್ಕೆ ಏರಿದ ಸೈಲೆನ್ಸರ್. ಮನೆಯ ಶೆಡ್ಡಿನಲ್ಲೇ ಎಲ್ಲ ಮಾಡಿದ್ದಾರೆ ಅಂತ ಓದಿ ಖುಷಿಯಾಯಿತು. ಆದರೆ ಅದೇ ಫೋಟೋದಲ್ಲಿ ಇನ್ನೊಂದು ಕಂಡಿತು. ಸೀಟಿನ ಹಿಂದೆ ಚಾಸಿ, ಅಂದರೆ ಗಾಡಿಯ ಮೂಲ ಚೌಕಟ್ಟನ್ನೇ ಕೊಯ್ದು, ಅಲ್ಲಿಗೆ ಬಾಗಿದ ಪೈಪೊಂದನ್ನು ವೆಲ್ಡ್ ಮಾಡಿದ್ದಾರೆ. ಅದನ್ನೂ ಲೇಖನದಲ್ಲಿ ಹೊಗಳಿದ್ದೀರಿ. ಈ ಪತ್ರ ಅದಕ್ಕಾಗಿಯೇ.

ನಾನು ಗೋಕಾಕದವಳು. ಮದುವೆಯಾಗಿ ಪುಣೆಗೆ ಬಂದೆ, ಚಿಂಚವಡದಲ್ಲಿ ಮನೆ. ಭೋಸರಿಯ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವ ಕೆಲಸ. ಮೈಕ್ರೋಮೀಟರ್, ಡಯಲ್ ಗೇಜ್ ಹಿಡಿದೇ ದಿನ ಹೋಗುತ್ತದೆ. ನನ್ನ ಹತ್ತಿರ 1979ರ ಯೆಜ್ಡಿ 250 ಇದೆ. ಸಾತಾರಾ ಕಡೆಯ ರೈತರೊಬ್ಬರು ಅದರ ಮೇಲೆ ಹಾಲಿನ ಕ್ಯಾನ್ ಸಾಗಿಸುತ್ತಿದ್ದರು. ಎಂಜಿನ್ ಜಾಮ್ ಆದ ಮೇಲೆ ದನದ ಕೊಟ್ಟಿಗೆ ಸೇರಿತ್ತು. ಅದನ್ನು ತಂದು, ನಾನೂ ನನ್ನ ಮೈದುನನೂ ನಮ್ಮ ಸೊಸೈಟಿಯ ಪಾರ್ಕಿಂಗ್ ಮೂಲೆಯಲ್ಲಿ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದೆವು. ಮುಳಶಿ ಕಡೆಯ ಬಂಡಿ ದಾರಿಗಳಿಗೆ ಹೊಂದುವ ಹಾಗೆ ಬದಲಾವಣೆಗಳನ್ನೂ ಮಾಡಿದ್ದೇವೆ. ಹಾಗಾಗಿ ಬೈಕ್ ಬದಲಿಸುವುದೇ ತಪ್ಪು ಅಂತ ಹೇಳಲು ನಾನು ಬರೆಯುತ್ತಿಲ್ಲ. ಬದಲಿಸಿ, ಆದರೆ ಸ್ಪ್ಯಾನರ್ ಹಿಡಿದು ಕೂತರೆ ಒಂದು ದಿನದಲ್ಲಿ ಗಾಡಿ ಮೊದಲಿದ್ದ ಹಾಗೆ ಆಗುವಂತಿರಬೇಕು. ನನ್ನ ಮಾತು ಇಷ್ಟೇ.

ಶುರುವಿನಲ್ಲಿ ನನ್ನ ಮೈದುನನಿಗೂ ಹಿಂದಿನ ಚಾಸಿ ಕೊಯ್ಯುವ ಆಸೆ ಇತ್ತು. ಸೀಮೆಸುಣ್ಣದಲ್ಲಿ ಗೆರೆಯನ್ನೂ ಎಳೆದಿದ್ದ. ‘ವೈನಿ, ಇಷ್ಟು ಕೊಯ್ದ್ರ ಗಾಡಿ ಹಗುರ ಆಕ್ಕೈತ್ರಿ’ ಅಂದ. ‘ಕೊಯ್ದಿದ್ದನ್ನ ಮತ್ತ ಯಾರ್ ಕೂಡಸ್ತಾರೋ ಮಾರಾಯಾ?’ ಅಂದೆ. ಗೆರೆ ಒರೆಸಿದ.

ಈ ಗಾಡಿ ನಮ್ಮ ಮೈಸೂರಿನದು. ಇರಾನಿ ಮನೆತನದವರು ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ತಂದು ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಜಯಚಾಮರಾಜೇಂದ್ರ ಒಡೆಯರ್ ಅದನ್ನು ಉದ್ಘಾಟಿಸಿದರು. ಮೊದಲು ಜಾವಾ ಹೆಸರಿನಲ್ಲಿ, ಆಮೇಲೆ ಯೆಜ್ಡಿ ಹೆಸರಿನಲ್ಲಿ ಬೈಕುಗಳು ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2022ರ ಜನವರಿಯಲ್ಲಿ ಯೆಜ್ಡಿ ಹೆಸರು ಮತ್ತೆ ಬಂತು, ನಿಜ. ಆದರೆ ಅದು 334 ಸಿಸಿಯ ಫೋರ್ ಸ್ಟ್ರೋಕ್, ತಯಾರಾಗುವುದು ಮಧ್ಯಪ್ರದೇಶದ ಪೀಥಮ್‌ಪುರದಲ್ಲಿ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಮೈಸೂರಿನ ಟೂ ಸ್ಟ್ರೋಕ್ ಗಾಡಿ ಇನ್ನು ಒಂದೂ ಹೊಸದಾಗಿ ಹುಟ್ಟುವುದಿಲ್ಲ. ಕೊಯ್ದ ಪ್ರತಿ ಚಾಸಿಯೂ ಇರುವ ಲೆಕ್ಕದಲ್ಲಿ ಕಡಿಮೆಯಾಗುತ್ತದೆ.

ಕಾಡುದಾರಿಯ ಟೂ ಸ್ಟ್ರೋಕ್ ಅಂದರೆ ತಿಳಿದವರಿಗೆ ಮೊದಲು ನೆನಪಾಗುವುದು 1968ರ ಯಮಾಹಾ ಡಿಟಿ-1. 250 ಸಿಸಿ, ಮುಂದೆ 19 ಇಂಚು, ಹಿಂದೆ 18 ಇಂಚಿನ ಚಕ್ರ, ಎತ್ತರದ ಮಡ್‌ಗಾರ್ಡ್. ಅಂಥದ್ದು ನಮ್ಮ ದೇಶದ ಶೋರೂಮುಗಳಿಗೆ ಬರಲಿಲ್ಲ. ಇಲ್ಲಿಯವರು ಕೈಗೆ ಸಿಕ್ಕ ಜಾವಾ, ಯೆಜ್ಡಿ, ರಾಜ್‌ದೂತ್‌ಗಳನ್ನೇ ಮಣ್ಣಿಗೆ ಇಳಿಸಿದರು. ಜಾವಾಕ್ಕೂ ಮಣ್ಣು ಹೊಸದೇನಲ್ಲ. ಮೋಟಾರ್ ಸೈಕಲ್ಲುಗಳ ಆರು ದಿನಗಳ ಅಂತರರಾಷ್ಟ್ರೀಯ ಸ್ಪರ್ಧೆಯನ್ನು 1970ರ ದಶಕದ ಆರಂಭದಲ್ಲಿ ಚೆಕೊಸ್ಲೊವಾಕಿಯಾ ತಂಡ ಜಾವಾ ಮೇಲೆಯೇ ಮತ್ತೆ ಮತ್ತೆ ಗೆದ್ದಿತ್ತು. ಹಾಗಾಗಿ ಈ ಹುಡುಗರ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಈಗ ಕಾನೂನಿನ ವಿಷಯ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಇದು ಎಲ್ಲರಿಗೂ ಅಷ್ಟಿಷ್ಟು ಗೊತ್ತು. ಜಾಸ್ತಿ ಜನರಿಗೆ ಗೊತ್ತಿಲ್ಲದ್ದು 2021ರ ಜುಲೈಯಲ್ಲಿ ಬಂದ ವಿಂಟೇಜ್ ನಿಯಮ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ ಪ್ರತ್ಯೇಕ ನೋಂದಣಿ ಸಿಗುತ್ತದೆ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಅಂತ ಇರುತ್ತದೆ. ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ಆಮೇಲೆ ನವೀಕರಣಕ್ಕೆ 5,000. ಅಂಥ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಇಷ್ಟಕ್ಕೇ ಹೊರಗೆ ತರಬೇಕು. ಮುಖ್ಯವಾದ ಷರತ್ತು ಇನ್ನೊಂದಿದೆ: ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು.

1970ರ ದಶಕದ ಯೆಜ್ಡಿಗಳು ಒಂದೊಂದಾಗಿ ಈಗ ಆ 50ರ ಗೆರೆ ಮುಟ್ಟುತ್ತಿವೆ. ಇದೇ ಹೊತ್ತಿನಲ್ಲಿ ಅವುಗಳ ಚಾಸಿಗೆ ಗ್ರೈಂಡರ್ ಹಚ್ಚುತ್ತಿದ್ದೇವೆ. ಸಂಕಟವಾಗುವುದಿಲ್ಲವೇ? ನನ್ನ ಗಾಡಿಗೆ 2029ರಲ್ಲಿ 50 ತುಂಬುತ್ತದೆ. ಆಗ ನಾನು ಬೇಕಾದರೆ ಆ ನೋಂದಣಿ ಮಾಡಿಸಬಹುದು, ಬೇಡವಾದರೆ ಬಿಡಬಹುದು. ಕೊಯ್ದವರಿಗೆ ಆ ದಾರಿಯೇ ಇಲ್ಲ.

ಇನ್ನೊಂದು ದುಃಖವೂ ಇದೆ. ಹೊರಗಿನ ಅಂದಕ್ಕೆ ಇಷ್ಟು ದುಡಿಯುವವರು ಎಂಜಿನ್ನಿನ ಒಳಗೆ ನೋಡುವುದು ಕಡಿಮೆ. ಪೇಂಟ್ ಆಯಿತು, ಟೈರ್ ಆಯಿತು, ಕಿಕ್ ಹೊಡೆದರೆ ಸ್ಟಾರ್ಟ್ ಆಯಿತು, ಹೊರಟೇಬಿಟ್ಟರು. ಘಾಟ್ ಹತ್ತುವಾಗ ಪಿಸ್ಟನ್ ಹಿಡಿಯುತ್ತದೆ, ಅಂದರೆ ಸಿಲಿಂಡರಿನೊಳಗೇ ಕಚ್ಚಿ ನಿಲ್ಲುತ್ತದೆ. ಆಮೇಲೆ ‘ಟೂ ಸ್ಟ್ರೋಕ್ ಅಂದ್ರೆ ಹೀಗೇ’ ಅನ್ನುತ್ತಾರೆ. ಹೀಗೇ ಏನೂ ಇಲ್ಲ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲು, ಗಾಳಿ ಮೊದಲು ಹೋಗುವುದು ಪಿಸ್ಟನ್ನಿನ ಕೆಳಗೆ ಕ್ರ್ಯಾಂಕ್ ತಿರುಗುವ ಡಬ್ಬಿಗೆ, ಅಂದರೆ ಕ್ರ್ಯಾಂಕ್ ಕೇಸಿಗೆ. ಅಲ್ಲಿಂದ ಮೇಲಕ್ಕೆ. ಕ್ರ್ಯಾಂಕಿನ ಎರಡೂ ಬದಿಯ ರಬ್ಬರ್ ಬಳೆ, ಅಂದರೆ ಆಯಿಲ್ ಸೀಲ್, ಗಟ್ಟಿಯಾಗಿ ಬಿರುಕು ಬಿಟ್ಟರೆ ಹೊರಗಿನ ಗಾಳಿ ಒಳಗೆ ನುಸುಳುತ್ತದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ, ಅದರ ಜೊತೆ ಬರುವ ಎಣ್ಣೆಯೂ ಕಡಿಮೆ. ಕಾವು ಹೆಚ್ಚಾಗಿ ಪಿಸ್ಟನ್ ಹಿಡಿಯುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ನಾವು ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದಕ್ಕೆ ಖರ್ಚು ಹೆಚ್ಚಿಲ್ಲ. ಅತ್ತೆಯವರ ಹಳೆಯ ಬಿಪಿ ಯಂತ್ರ ಮನೆಯಲ್ಲಿತ್ತು. ಕೈಗೆ ಸುತ್ತುವ ಪಟ್ಟಿ ಹರಿದಿತ್ತು, ಒತ್ತುವ ರಬ್ಬರ್ ಬುರುಡೆ, ಡಯಲ್ ಚೆನ್ನಾಗಿದ್ದವು. ಆ ಡಯಲ್ 300ರವರೆಗೆ ತೋರಿಸುತ್ತದೆ. ಅಂದರೆ ಸುಮಾರು 6 ಪಿಎಸ್‌ಐ. ಟೂ ಸ್ಟ್ರೋಕ್ ಕ್ರ್ಯಾಂಕ್ ಕೇಸಿನ ಪರೀಕ್ಷೆಗೆ ಬೇಕಾಗುವುದೂ ಅಷ್ಟೇ ಒತ್ತಡ. ಕಾರ್ಬುರೇಟರ್ ತೆಗೆದು, ಆ ಜಾಗಕ್ಕೆ ಲಾರಿ ಟ್ಯೂಬಿನ ರಬ್ಬರ್ ಇಟ್ಟು, ಮೇಲೆ ತಗಡಿನ ಪ್ಲೇಟ್ ಕೂರಿಸಿ ಬೋಲ್ಟ್ ಬಿಗಿದೆವು. ಯೆಜ್ಡಿ 250ಕ್ಕೆ ಹೊಗೆ ಹೋಗುವ ಬಾಯಿ ಎರಡು. ಎರಡಕ್ಕೂ ರಬ್ಬರ್ ಬಿರಡೆ. ಹಳೆಯ ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಒಳಗೆ ಹಿತ್ತಾಳೆಯ ಸಣ್ಣ ನಳಿಗೆ ಬೆಸೆದು, ಆ ಪ್ಲಗ್ಗನ್ನು ಎಂಜಿನ್ನಿಗೆ ಬಿಗಿದು, ಬಿಪಿ ಯಂತ್ರದ ನಳಿಗೆ ಅದಕ್ಕೆ ಸಿಕ್ಕಿಸಿದೆವು. ಪಿಸ್ಟನ್ ಪೂರ್ತಿ ಕೆಳಗೆ ಇಡಬೇಕು. ಆಗ ಸಿಲಿಂಡರಿನ ಗೋಡೆಯಲ್ಲಿರುವ ಕಿಟಕಿಗಳ, ಅಂದರೆ ಟ್ರಾನ್ಸ್‌ಫರ್ ಪೋರ್ಟುಗಳ ಮೂಲಕ ಗಾಳಿ ಕ್ರ್ಯಾಂಕ್ ಕೇಸಿಗೂ ಇಳಿಯುತ್ತದೆ.

ಒತ್ತಿ ಒತ್ತಿ ಮುಳ್ಳನ್ನು 300ಕ್ಕೆ ತಂದು ಕೈ ಬಿಟ್ಟೆವು. ನಿಮಿಷಕ್ಕೆ 50ರೊಳಗೆ ಇಳಿದರೆ ಪರವಾಗಿಲ್ಲ. ನಮ್ಮದು ನೋಡನೋಡುತ್ತ ಸೊನ್ನೆಗೆ ಬಂತು. ಡೈನಮೋ ಬಿಚ್ಚಿ, ಆ ಬದಿಯ ಸೀಲಿನ ಸುತ್ತ ಸೋಪಿನ ನೀರು ಬಳಿದು ಮತ್ತೆ ಒತ್ತಿದಾಗ, ಸೀಲಿನ ತುಟಿಯ ಕೆಳಭಾಗದಲ್ಲಿ ಗುಳ್ಳೆಗಳು ಸಾಲಾಗಿ ಎದ್ದವು. ಆ ರೈತರು ಪಾಪ, ಪೆಟ್ರೋಲ್ ಬಂಕಿನವರು ಕಲಬೆರಕೆ ಮಾಡಿದ್ದಕ್ಕೆ ಎಂಜಿನ್ ಹೋಯಿತು ಅಂತಲೇ ನಂಬಿದ್ದರು. ಕಾರಣ ಆ ಸಣ್ಣ ರಬ್ಬರ್ ಬಳೆ. ಕ್ಲಚ್ ಬದಿಯ ಸೀಲ್ ಸೋರಿದರೆ ಲಕ್ಷಣ ಬೇರೆ. ಗೇರ್ ಬಾಕ್ಸಿನ ಎಣ್ಣೆಯನ್ನೇ ಎಂಜಿನ್ ಕುಡಿಯುತ್ತದೆ, ಬಿಳಿ ಹೊಗೆ ನಿಲ್ಲುವುದೇ ಇಲ್ಲ.

ಪಿಸ್ಟನ್ ಗೀರಿತ್ತು, ಬೋರಿಂಗ್, ಅಂದರೆ ಸಿಲಿಂಡರಿನ ಒಳಗೋಡೆ ಕೊರೆದು ನಯ ಮಾಡುವ ಕೆಲಸ, ಮಾಡಿಸಲೇಬೇಕಿತ್ತು. ನಾನಾ ಪೇಟೆಯ ಬೋರಿಂಗ್ ಅಂಗಡಿಯೊಂದರಲ್ಲಿ ವಯಸ್ಸಾದ ಕೆಲಸಗಾರರೊಬ್ಬರಿದ್ದಾರೆ. ಬೋರ್ ಮುಗಿದ ಮೇಲೆ ಅವರು ಪೋರ್ಟುಗಳ ಚೂಪಾದ ಅಂಚನ್ನು ಸಣ್ಣ ಕಲ್ಲಿನಿಂದ ಒಂದೊಂದಾಗಿ ಸವರಿದರು. ಆಮೇಲೆ ಹತ್ತಿಯ ಉಂಡೆ ತೆಗೆದುಕೊಂಡು ಅಂಚುಗಳ ಮೇಲೆ ಎಳೆದರು. ಒಂದು ಎಳೆಯೂ ಸಿಕ್ಕಲಿಲ್ಲ. ಆಗ ಸಿಲಿಂಡರ್ ನನ್ನ ಕೈಗೆ ಕೊಟ್ಟರು. ಟೂ ಸ್ಟ್ರೋಕಿನಲ್ಲಿ ಪಿಸ್ಟನ್ನಿನ ರಿಂಗು ಪ್ರತಿ ಸಲವೂ ಈ ಕಿಟಕಿಗಳ ಮೇಲೆ ಹಾದು ಹೋಗಬೇಕು. ಅಂಚು ಚೂಪಾಗಿ ಉಳಿದರೆ ರಿಂಗು ತುಂಡಾಗುತ್ತದೆ. ನಾನು ಮನೆಗೆ ಬಂದು ಬೋರ್ ಗೇಜ್ ಹಾಕಿ ಮೇಲೆ, ನಡುವೆ, ಕೆಳಗೆ ಅಳೆದೆ. ಇಂಥ ಕೈಗಳು ನಮ್ಮ ಬೆಳಗಾವಿ, ಹುಬ್ಬಳ್ಳಿಯಲ್ಲೂ ಇವೆ. ಅವರ ಅಂಗಡಿ ನಡೆಯಬೇಕಾದರೆ ಇಂಥ ಕೆಲಸ ಅವರಿಗೆ ಹೋಗಬೇಕು. ನಿಮ್ಮ ಪುರವಣಿಯವರು ಒಮ್ಮೆ ಅವರ ಫೋಟೋ ಹಾಕಿದರೆ ಎಷ್ಟು ಚೆನ್ನ!

ಇನ್ನು ಬದಲಾವಣೆಗಳು. ಹ್ಯಾಂಡಲ್ ಬದಲಿಸಿದೆವು, ಹಳೆಯ ಕ್ಲ್ಯಾಂಪೇ ಸಾಕಾಯಿತು. ಹಿಂದಿನ ಶಾಕ್ ಅಬ್ಸಾರ್ಬರ್ ಸ್ವಲ್ಪ ಉದ್ದದ್ದು, ಅದೇ ಬೋಲ್ಟಿಗೆ ಕೂರುತ್ತದೆ. ಮುಂದಿನ ಮಡ್‌ಗಾರ್ಡ್ ಎತ್ತರಕ್ಕೆ ಬೇಕಿತ್ತು. ಮೂಲ ಮಡ್‌ಗಾರ್ಡಿಗೆ ತೂತು ಕೊರೆಯದೆ, ಪ್ಲಾಸ್ಟಿಕ್ಕಿನದೊಂದನ್ನು ತಂದು ಫೋರ್ಕಿಗೆ ಹಿಡಿಸುವ ಪಟ್ಟಿ ಮಾಡಿದೆವು. ಗುಡ್ಡ ಹತ್ತುವ ಎಳೆತಕ್ಕೆ ಮುಂದಿನ ಸ್ಪ್ರಾಕೆಟ್ಟನ್ನು ಕಡಿಮೆ ಹಲ್ಲಿನದಕ್ಕೆ ಬದಲಿಸಿದೆವು. ಎಲ್ಲವೂ ಬೋಲ್ಟ್ ಕೆಲಸ.

ಚೈನ್ ಕೇಸ್ ಬಗ್ಗೆ ಬೇರೆಯಾಗಿ ಹೇಳಬೇಕು. ಯೆಜ್ಡಿಯ ಚೈನ್ ಪೂರ್ತಿ ತಗಡಿನ ಒಳಗಿರುತ್ತದೆ. ಚೈನ್ ಹೊರಗೆ ಕಾಣಬೇಕು, ಆಗಲೇ ಕಾಡಿನ ಬೈಕಿನ ಹಾಗೆ ಕಾಣುತ್ತದೆ ಅಂತ ಎಲ್ಲರೂ ಮೊದಲು ಅದನ್ನೇ ಕಿತ್ತೆಸೆಯುತ್ತಾರೆ. ಕೆಸರಿನಲ್ಲಿ, ಕೆಂಪು ಮಣ್ಣಿನಲ್ಲಿ ಓಡುವ ಗಾಡಿಗೆ ಇದಕ್ಕಿಂತ ಒಳ್ಳೆಯ ರಕ್ಷಣೆ ಯಾವುದಿದೆ? ಏರ್ ಫಿಲ್ಟರ್ ಕಥೆಯೂ ಹೀಗೇ. ಡಬ್ಬಿ ತೆಗೆದು ಹೊಳೆಯುವ ಕೋನ್ ಫಿಲ್ಟರ್ ಹಾಕುತ್ತಾರೆ. ಟೂ ಸ್ಟ್ರೋಕಿನಲ್ಲಿ ಆ ಧೂಳು ನೇರ ಕ್ರ್ಯಾಂಕ್ ಬೇರಿಂಗಿಗೇ ಹೋಗುತ್ತದೆ. ಡಬ್ಬಿ ಹಾಗೇ ಇಟ್ಟು, ಒಳಗೆ ಎಣ್ಣೆ ಹಿಂಡಿದ ಫೋಮ್ ಹಾಕಿ.

ಸೈಲೆನ್ಸರ್ ನಾವೂ ಎತ್ತರಿಸಿದ್ದೇವೆ. ಹೊಸ ಪೈಪ್ ಬಾಗಿಸಿ ಮಾಡಿಸಿದ ಬೇರೆ ಜೋಡಿ ಅದು. ಪೌಡ್ ಹತ್ತಿರ ಸಹೋದ್ಯೋಗಿಯೊಬ್ಬರ ಹೊಲವಿದೆ, ಅಲ್ಲಿ ಅವರ ಜಮೀನಿನ ಒಳಗೆ ಓಡಿಸುವಾಗ ಮಾತ್ರ ಅದನ್ನು ಹಾಕುತ್ತೇವೆ. ರಸ್ತೆಗೆ ಬರುವಾಗ ಮೂಲ ಜೋಡಿಯೇ. ಬಿಚ್ಚಿ ಹಾಕುವುದು ತಲೆನೋವಿನ ಕೆಲಸ ಹೌದು, ಆದರೂ ಮಾಡುತ್ತೇವೆ. ಒಳಗೆ ಸದ್ದು ತಗ್ಗಿಸುವ ಬಫಲ್ ಮಾತ್ರ ಯಾರೂ ಕೀಳಬೇಡಿ. ಟೂ ಸ್ಟ್ರೋಕಿನ ಪೈಪ್ ಸುಮ್ನೆ ಹೊಗೆ ಬಿಡುವ ಕೊಳವೆಯಲ್ಲ. ಅದರೊಳಗಿನ ಒತ್ತಡದ ಅಲೆ ವಾಪಸು ಬಂದು, ಹೊರಗೆ ಓಡುತ್ತಿದ್ದ ಹೊಸ ಪೆಟ್ರೋಲನ್ನು ಸಿಲಿಂಡರಿಗೆ ತಳ್ಳುತ್ತದೆ. ಬಫಲ್ ಕಿತ್ತರೆ ಸದ್ದು ಏರುತ್ತದೆ, ಎಳೆತ ಇಳಿಯುತ್ತದೆ, ಕೆಳಗಿನ ಮನೆಯ ಮಗು ಎದ್ದು ಅಳುತ್ತದೆ.

ತೆಗೆದ ಮೂಲ ಭಾಗಗಳೆಲ್ಲ ನಮ್ಮ ಲಾಫ್ಟ್ ಮೇಲಿವೆ. ಎಣ್ಣೆ ಸವರಿ, ಪೇಪರ್ ಸುತ್ತಿ, ಪ್ರತಿಯೊಂದಕ್ಕೂ ಚೀಟಿ ಕಟ್ಟಿದ್ದೇನೆ. ಮಡ್‌ಗಾರ್ಡ್, ಹ್ಯಾಂಡಲ್, ಸ್ಪ್ರಾಕೆಟ್, ಹಳೆಯ ಶಾಕ್. ಬುಧವಾರ, ಭಾನುವಾರ ನಡೆಯುವ ಪುಣೆಯ ಜುನಾ ಬಜಾರಿನಲ್ಲಿ ಒಮ್ಮೆ ಮೈಸೂರಿನ ಮೂಲ ಟೂಲ್ ಬಾಕ್ಸ್ ಮುಚ್ಚಳ ಸಿಕ್ಕಿತು. ನೆಲದ ಮೇಲೆ ತುಕ್ಕು ಹಿಡಿದ ಬೀಗಗಳ ನಡುವೆ ಬಿದ್ದಿತ್ತು. ಯಾರೋ ಬೇಡವೆಂದು ಎಸೆದದ್ದನ್ನು ಹುಡುಕಿಕೊಂಡು ಹೀಗೆ ಅಲೆಯಬೇಕಾಗುತ್ತದೆ. ಆದ್ದರಿಂದಲೇ ಹೇಳುತ್ತೇನೆ, ಬದಲಿಸುವವರು ತೆಗೆದದ್ದನ್ನು ಗುಜರಿಗೆ ಹಾಕಬೇಡಿ.

ಪೆಟ್ರೋಲ್ ವಿಷಯವೂ ಬರೆಯಲೇಬೇಕು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲ್ ಬಿಡುಗಡೆಯಾಯಿತು, ಅಂದರೆ 20 ಭಾಗ ಎಥನಾಲ್. ಈಗ ಬಂಕುಗಳಲ್ಲಿ ಬಹುಪಾಲು ಅದೇ ಸಿಗುತ್ತದೆ. ಎಥನಾಲ್ ತೇವವನ್ನು ಎಳೆದುಕೊಳ್ಳುತ್ತದೆ. ಹಳೆಯ ರಬ್ಬರ್ ಪೈಪು, ವಾಷರುಗಳನ್ನು ಮೆತ್ತಗೆ ಮಾಡುತ್ತದೆ. ಅದರಲ್ಲೇ ಆಮ್ಲಜನಕ ಇರುವುದರಿಂದ ಮಿಶ್ರಣ ತೆಳುವಾಗುತ್ತದೆ, ಮತ್ತೆ ಪಿಸ್ಟನ್ನಿಗೇ ಬಿಸಿ. ನಾವು ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿದ್ದೇವೆ. ಪ್ಲಗ್ಗಿನ ತುದಿ ಬಾದಾಮಿ ಸಿಪ್ಪೆಯ ಬಣ್ಣಕ್ಕೆ ಬಂದರೆ ಸರಿ, ಬೆಳ್ಳಗೆ ಕಂಡರೆ ಅಲ್ಲೇ ನಿಲ್ಲಿಸಬೇಕು. ಎಣ್ಣೆ ಲೀಟರಿಗೆ 40 ಮಿ.ಲೀ., ಕಡಿಮೆ ಹೊಗೆಯ ಒಳ್ಳೆಯ ಟೂಟಿ ಆಯಿಲ್. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವಾಗ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬುರೇಟರ್ ಬಟ್ಟಲು ಖಾಲಿ ಮಾಡಿ. ಪುಣೆಯ ಮಳೆಯಲ್ಲಿ ಇದನ್ನು ಮರೆತರೆ ಬಟ್ಟಲಿನೊಳಗೆ ಪಾಚಿಯಂಥ ಬಿಳಿ ಪುಡಿ ಕೂರುತ್ತದೆ.

ಘಾಟ್ ಇಳಿಯುವಾಗಲೂ ಒಂದು ಎಚ್ಚರ ಬೇಕು. ತಾಮ್ಹಿಣಿ ಘಾಟಿನಲ್ಲಿ ಮುಳಶಿಯಿಂದ ಮಾಣಗಾವ್ ಕಡೆಗೆ ಇಳಿಯುವವರು ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಗೇರಿನ ಮೇಲೇ ಗಾಡಿ ಹಿಡಿದು ಇಳಿಯುತ್ತಾರೆ. ಫೋರ್ ಸ್ಟ್ರೋಕಿಗೆ ಅದು ಸರಿ. ಪೆಟ್ರೋಲಿನ ಜೊತೆಗೇ ಎಣ್ಣೆ ಬರುವ ಗಾಡಿಯಲ್ಲಿ ಆಗ ಎಣ್ಣೆಯೂ ನಿಲ್ಲುತ್ತದೆ, ಎಂಜಿನ್ ಮಾತ್ರ ಜೋರಾಗಿ ತಿರುಗುತ್ತಿರುತ್ತದೆ. ನಡುನಡುವೆ ಕ್ಲಚ್ ಹಿಡಿದು ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಿರಿ. ಯೆಜ್ಡಿಯಲ್ಲಿ ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನೇ ಬಿಡುವ ವ್ಯವಸ್ಥೆ ಇದೆ. ಕಾಡಿನ ನಡುವೆ ಕ್ಲಚ್ ಕೇಬಲ್ ತುಂಡಾದರೂ ಗೇರ್ ಬದಲಿಸಿಕೊಂಡು ಊರು ಸೇರಬಹುದು. ಅದೇ ಲಿವರನ್ನು ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಹೀಗೆ ಯೋಚಿಸಿ ಕಟ್ಟಿದ ಗಾಡಿಯನ್ನು ಕೊಯ್ಯಲು ಕೈ ಹೇಗೆ ಬರುತ್ತದೆ?

ಓಡಿಸುವ ಜಾಗದ ಬಗ್ಗೆಯೂ ಹೇಳಿಬಿಡುತ್ತೇನೆ. ನಿಮ್ಮ ಇನ್ನೊಂದು ಫೋಟೋದಲ್ಲಿ ಬೈಕು ಹೂ ತುಂಬಿದ ಹುಲ್ಲಿನ ಬಯಲಿನಲ್ಲಿ ನಿಂತಿತ್ತು. ಸಹ್ಯಾದ್ರಿಯ ಕಲ್ಲುಬಯಲುಗಳ ಮೇಲೆ ಮಣ್ಣಿನ ಪದರ ತೀರಾ ತೆಳು. ಮಳೆ ಮುಗಿಯುವ ಹೊತ್ತಿಗೆ ಅಲ್ಲಿ ಅರಳುವ ಹೂಗಳು ಅದರ ಮೇಲೆಯೇ ಬದುಕಬೇಕು. ಬಟನ್ ಟೈರಿನ ಒಂದು ಗೆರೆ ಬಿದ್ದರೆ ಅಲ್ಲಿ ನೀರು ಹರಿದು ಮಣ್ಣೇ ಹೋಗುತ್ತದೆ. ಎತ್ತಿನ ಗಾಡಿ ಹೋದ ದಾರಿ, ಹೊಲದವರು ಒಪ್ಪಿ ಬಿಟ್ಟ ದಾರಿ ಸಾಕು. ಟೂ ಸ್ಟ್ರೋಕ್ ಹೊಗೆಯೂ ಹೆಚ್ಚು, ಸುಡದ ಪೆಟ್ರೋಲನ್ನೂ ಹೊರಗೆ ಬಿಡುತ್ತದೆ. ಅದನ್ನು ಮುಚ್ಚಿಡಲಾಗದು. ಹಾಗಾಗಿ ನಾನು ಕೆಲಸಕ್ಕೆ ಬಸ್ಸಿನಲ್ಲೇ ಹೋಗುತ್ತೇನೆ, ಯೆಜ್ಡಿ ಹೊರಗೆ ಬರುವುದು ಅಪರೂಪಕ್ಕೆ.

ಸಂಪಾದಕರೇ, ಆ ಹುಡುಗರ ಕೈಯಲ್ಲಿ ಕಸುಬಿದೆ. ವೆಲ್ಡಿಂಗ್ ಎಷ್ಟು ನೀಟಾಗಿದೆ ಅಂತ ಫೋಟೋದಲ್ಲೇ ಕಾಣುತ್ತದೆ. ಕೊಯ್ದ ತುಂಡು ಇನ್ನೂ ಅವರ ಶೆಡ್ಡಿನಲ್ಲಿದ್ದರೆ ಎಸೆಯಬೇಡಿ ಅಂತ ದಯವಿಟ್ಟು ತಿಳಿಸಿ. ಕದಲದ ಹಾಗೆ ಹಿಡಿಯುವ ಜಿಗ್ ಮೇಲೆ ಕೂರಿಸಿ ಅಳತೆ ಸರಿಮಾಡಿ ಬೆಸೆಯಲು ಸಾಧ್ಯವಿದೆ. ಅಳತೆಯ ಕೆಲಸ ನಾನು ಮಾಡಿಕೊಡುತ್ತೇನೆ, ದುಡ್ಡು ಬೇಡ. ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿದೆ, ಅವರಿಗೆ ಕೊಡಬಹುದು. ಸೀಲ್ ಪರೀಕ್ಷೆಯ ಪ್ಲೇಟು, ಬಿರಡೆ, ಬಿಪಿ ಡಯಲ್ ಎಲ್ಲ ಒಂದು ಡಬ್ಬಿಯಲ್ಲಿವೆ. ಪುಣೆಯಲ್ಲಿರುವ ಯಾವ ಕನ್ನಡಿಗರು ಕೇಳಿದರೂ ಕೊಡುತ್ತೇನೆ. ಇನ್ನು ಮುಂದೆ ಹಳೆಯ ಬೈಕಿನ ಇಂಥ ಫೋಟೋ ಹಾಕುವಾಗ, ಚಾಸಿ ಕೊಯ್ದಿದ್ದಾರಾ, ಮೂಲ ಭಾಗ ಇಟ್ಟುಕೊಂಡಿದ್ದಾರಾ ಅಂತ ಕೇಳಿ, ಅದನ್ನೂ ಫೋಟೋದ ಕೆಳಗೆ ಒಂದು ಸಾಲಿನಲ್ಲಿ ಅಚ್ಚು ಹಾಕಿ.

– ಎಸ್. ಜಿ., ಚಿಂಚವಡ, ಪುಣೆ